ಹೊರಗೆ ಹೋಗು ಎಂದರಷ್ಟೇ ಸಾಲದು

ಕಳೆದ ತಿಂಗಳು ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಒಂದು ಚರ್ಚೆ ನಡೆಯಿತು. ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿ ತರಗತಿಗೆ ಮೊಬೈಲ್ ತಂದು ಎರಡನೆಯ ಸಲ ಸಿಕ್ಕಿಬಿದ್ದಿದ್ದ. "ಇವನಿಗೆ ಎಷ್ಟು ಸಲ ಅಂತ ಅವಕಾಶ ಕೊಡೋದು?" ಎಂದು ಒಬ್ಬರು ಕೇಳಿದರು. "ಕೊಡದಿದ್ದರೆ ಎಲ್ಲಿಗೆ ಕಳಿಸೋದು?" ಎಂದು ಇನ್ನೊಬ್ಬರು ಕೇಳಿದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಎಲ್ಲರೂ ಪುಸ್ತಕ ಎತ್ತಿಕೊಂಡು ಹೊರಟೆವು. ಆದರೆ ಆ ಎರಡು ಪ್ರಶ್ನೆಗಳು ನನ್ನ ಜೊತೆಗೇ ತರಗತಿಗೆ ಬಂದವು. ವಾರ್ತಾಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ವಿದ್ಯಾರ್ಥಿ ಸಂಪಾದಕರು ಕೇಳಿದಾಗ, ಇದನ್ನೇ ಬರೆಯುತ್ತೇನೆ ಎಂದೆ.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು. ನಾನು ಉಪನ್ಯಾಸಕನಾಗಿ ಸೇರಿ ಎರಡನೆಯ ವರ್ಷ. ಬೇರೊಂದು ಊರಿನ ಕಾಲೇಜು. ಲೆಕ್ಕಶಾಸ್ತ್ರದ ತರಗತಿ, ಊಟದ ನಂತರದ ಪೀರಿಯಡ್. ಪ್ರತಿ ಲೆಕ್ಕದ ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳುವುದು ನನ್ನ ಅಭ್ಯಾಸ. ಹಿಂದಿನ ಬೆಂಚಿನ ಒಬ್ಬ ಹುಡುಗ ಅದನ್ನು ನನ್ನದೇ ಧ್ವನಿಯಲ್ಲಿ, ನನಗಿಂತ ಅರ್ಧ ಕ್ಷಣ ಮೊದಲು ಹೇಳುತ್ತಿದ್ದ. ತರಗತಿ ನಗುತ್ತಿತ್ತು. ಎರಡು ವಾರ ಸಹಿಸಿದೆ. ಒಂದು ದಿನ ಬೋರ್ಡಿನ ಕಡೆಯಿಂದ ತಿರುಗಿ, "ನಾಳೆಯಿಂದ ನನ್ನ ಕ್ಲಾಸಿಗೆ ಕಾಲಿಡಬೇಡ" ಎಂದೆ. ಅವನು ಚೀಲ ಎತ್ತಿಕೊಂಡು ಹೋದ.

ನಿಜ ಹೇಳಬೇಕೆಂದರೆ, ಆ ಮಾತಿಗೆ ನಾನು ಹೆಚ್ಚಿನ ಅರ್ಥವನ್ನೇ ಇಟ್ಟಿರಲಿಲ್ಲ. ಅವನು ಎರಡು ದಿನ ಬಿಟ್ಟು ತಂದೆಯನ್ನು ಕರೆದುಕೊಂಡು ಬರುತ್ತಾನೆ, ತಲೆ ತಗ್ಗಿಸಿ ಸಾರಿ ಹೇಳುತ್ತಾನೆ, ನಾನು ನಾಲ್ಕು ಬುದ್ಧಿಮಾತು ಹೇಳಿ ಕೂರಿಸುತ್ತೇನೆ ಅಂದುಕೊಂಡಿದ್ದೆ. ಎಲ್ಲ ಕಾಲೇಜುಗಳಲ್ಲಿ ನಡೆಯುವುದೂ ಹಾಗೆಯೇ. ಅವನು ಬರಲಿಲ್ಲ. ಮೊದಲ ವಾರ ನನಗೆ ಸಮಾಧಾನವೇ ಆಯಿತು, ತರಗತಿ ಅಷ್ಟು ಶಾಂತವಾಗಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬಿದ್ದಾಗ ಬೇರೆ ಉಪನ್ಯಾಸಕರನ್ನು ಕೇಳಿದೆ. ಯಾರ ತರಗತಿಗೂ ಅವನು ಬರುತ್ತಿರಲಿಲ್ಲ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಅವನ ಹಾಜರಿ ಅದರ ಕೆಳಗಿಳಿಯುವುದನ್ನು ನಾನು ಪುಸ್ತಕದಲ್ಲಿ ನೋಡುತ್ತಾ ಕೂತೆ. ಒಂದು ಫೋನ್ ಮಾಡಬಹುದಿತ್ತು. ಅವನೇ ಬರಲಿ ಎಂದು ಬಿಟ್ಟೆ.

ಆರು ವರ್ಷಗಳ ನಂತರ ಒಂದು ಮದುವೆ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದೆ. ಕೇಟರಿಂಗ್‌ನ ಹುಡುಗರಿಗೆ ಸೂಚನೆ ಕೊಡುತ್ತಿದ್ದವನೊಬ್ಬ ನನ್ನ ಬಳಿ ಬಂದು ಸಲಾಂ ಹೇಳಿ, "ಸರ್, ಗುರುತು ಸಿಕ್ತಾ?" ಎಂದ. ಅವನೇ. ಈಗ ಅವನದೇ ಕೇಟರಿಂಗ್, ಎರಡು ವ್ಯಾನ್, ಹತ್ತು ಜನ ಕೆಲಸದವರು. ತಟ್ಟೆಗೆ ಇನ್ನೊಂದು ತುಂಡು ಬಡಿಸಿ, ನಗುತ್ತಲೇ ಹೇಳಿದ: "ನೀವು ಬರಬೇಡ ಅಂದ್ರಲ್ಲ ಸರ್, ನಾನು ನಿಜ ಅಂದ್ಕೊಂಡೆ. ನಾಲ್ಕು ದಿನ ಗೇಟಿನ ತನಕ ಬಂದಿದ್ದೆ. ಎದುರಿನ ಅಂಗಡಿಯಲ್ಲಿ ಕೂತು, ಯಾರಾದ್ರೂ ಕರೀತಾರಾ ಅಂತ ನೋಡಿ ವಾಪಸ್ ಹೋಗ್ತಿದ್ದೆ."

ನನಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಅವನು ಚೆನ್ನಾಗಿದ್ದಾನೆ, ಅಲ್ಲಾಹನ ಕೃಪೆ. ಹಾಗೆಂದು ನನ್ನ ತಪ್ಪು ತಪ್ಪಲ್ಲ ಎಂದಾಗುವುದಿಲ್ಲ. ಜಿಎಸ್‌ಟಿ ಲೆಕ್ಕವನ್ನು ಪ್ರತಿ ತಿಂಗಳು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುತ್ತಾನಂತೆ, ತನಗೆ ಅದು ತಿಳಿಯುವುದಿಲ್ಲ ಎಂದು. ಅದನ್ನು ಅವನಿಗೆ ಕಲಿಸಬೇಕಾಗಿದ್ದವನು ನಾನು.

ಅವನು ಮಾಡಿದ್ದು ತಪ್ಪೇ. ಅವನನ್ನು ಆ ದಿನ ಹೊರಗೆ ಕಳಿಸಿದ್ದೂ ದೊಡ್ಡ ತಪ್ಪೇನಲ್ಲ. ಉಳಿದ 60 ಮಂದಿಗೆ ಪಾಠ ನಡೆಯಬೇಕಿತ್ತು. ಹೊರಗೆ ಹೋಗು ಎಂದ ನಾನು ಯಾವಾಗ, ಹೇಗೆ ಒಳಗೆ ಬರಬೇಕು ಎಂದು ಹೇಳಲಿಲ್ಲ. ನನ್ನ ತಪ್ಪು ಇದ್ದದ್ದು ಅಲ್ಲಿ. ವಾಪಸ್ ಬರುವ ದಾರಿಯನ್ನು ಅವನೇ ಊಹಿಸಿಕೊಳ್ಳಲಿ ಎಂದು ಬಿಟ್ಟೆ. ಹದಿನಾರು ವರ್ಷದ ಹುಡುಗನಿಗೆ ಆ ಊಹೆ ಸಾಧ್ಯವಾಗಲಿಲ್ಲ. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಯಾರನ್ನಾದರೂ ಹೊರಗೆ ಕಳಿಸಿದರೆ, ಅದೇ ಉಸಿರಿನಲ್ಲಿ ಯಾವಾಗ ವಾಪಸ್ ಬರಬೇಕು ಎಂದೂ ಹೇಳಬೇಕು. "ಹತ್ತು ನಿಮಿಷ ಹೊರಗೆ ನಿಂತು ಬಾ." "ಇವತ್ತು ಹೋಗು, ನಾಳೆ ಒಂಬತ್ತಕ್ಕೆ ನನ್ನ ಟೇಬಲ್ ಹತ್ತಿರ ಬಾ." ತಾಳ್ಮೆ ಎಂದರೆ ಎಲ್ಲವನ್ನೂ ನಗುತ್ತಾ ಸಹಿಸುವುದು ಎಂದು ನಾನು ಮೊದಲು ಭಾವಿಸಿದ್ದೆ. ಆ ತಾಳ್ಮೆ ನನ್ನಲ್ಲಿ ಎರಡೇ ವಾರಕ್ಕೆ ಮುಗಿದಿತ್ತು. ಸಿಟ್ಟು ಬಂದಾಗಲೂ ಬಾಗಿಲಿನ ಚಿಲಕ ಹಾಕದಿರುವುದೇ ತಾಳ್ಮೆ ಎಂದು ಈಗ ಅನಿಸುತ್ತದೆ.

ಇಷ್ಟು ತಿಳಿದ ಮೇಲೂ ಎಲ್ಲವೂ ಸುಲಭವಾಗಲಿಲ್ಲ. ಎರಡು ವರ್ಷದ ಹಿಂದೆ ದ್ವಿತೀಯ ವಾಣಿಜ್ಯ ವಿಭಾಗದಲ್ಲಿ ಒಬ್ಬನಿದ್ದ. ತಡವಾಗಿ ಬರುವುದು, ಹೋಮ್‌ವರ್ಕ್ ತಾರದಿರುವುದು, ಕೇಳಿದರೆ ಎದುರುತ್ತರ ಕೊಡುವುದು. ಒಂದು ದಿನ ಘಟಕ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ನನ್ನೆದುರೇ ಹರಿದು ಡಸ್ಟ್‌ಬಿನ್‌ಗೆ ಹಾಕಿದ. ಸಿಕ್ಕಿದ್ದು 25ಕ್ಕೆ 3 ಅಂಕ.

ನಾನು ಮೊದಲು ಮಾಡಿದ್ದು ಕಾರಣ ಹುಡುಕುವ ಕೆಲಸ. ಮನೆಯಲ್ಲಿ ಕಷ್ಟವೇ? ರಾತ್ರಿ ಎಲ್ಲಾದರೂ ಕೆಲಸಕ್ಕೆ ಹೋಗುತ್ತಾನೆಯೇ? ತಾಯಿಯನ್ನು ಕರೆಸಿ ಮಾತಾಡಿದೆ. ತಂದೆ ಸೌದಿಯಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾರೆ, ದಿನವೂ ಫೋನ್ ಮಾಡುತ್ತಾರೆ. ಮನೆಯಲ್ಲಿ ಜಗಳವಿಲ್ಲ, ಕಾಯಿಲೆಯಿಲ್ಲ. ಹುಡುಗನಿಗೆ ಓದು ಬೇಸರ, ಅಷ್ಟೆ. ನನಗೆ ಒಂದು ಕ್ಷಣ ನಿರಾಸೆಯಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಒಂದು ಕಣ್ಣೀರಿನ ಕಥೆ ಸಿಕ್ಕಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು.

ಆಮೇಲೆ ಯೋಚಿಸಿದೆ. ಎರಡನೆಯ ಅವಕಾಶ ದುಃಖದ ಕಥೆ ಇರುವವರಿಗೆ ಮಾತ್ರವೇ? ಹಾಗಾದರೆ ಅದು ಕರುಣೆಯಾಯಿತು, ಪಾಠವಾಗಲಿಲ್ಲ. ಇನ್ನೊಂದು ಅಪಾಯವೂ ಇದೆ. ನಿಜವಾದ ಕಷ್ಟ ಇರುವ ಎಷ್ಟೋ ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದವನಿಗೆ ರಿಯಾಯಿತಿ, ಹೇಳದವನಿಗೆ ಶಿಕ್ಷೆ ಎಂದಾದರೆ ಮರ್ಯಾದೆಗೆ ಅಂಜುವ ಮಕ್ಕಳೇ ಸೋಲುತ್ತಾರೆ. ಕಾರಣ ಏನೇ ಇರಲಿ, ಇಲ್ಲದಿರಲಿ, ಅವನು ನಮ್ಮ ವಿದ್ಯಾರ್ಥಿ. ಅಷ್ಟು ಕಾರಣ ಸಾಕು.

ಇಲ್ಲಿ ತೊತ್ತೋ-ಚಾನ್ ನೆನಪಾಗುತ್ತಾಳೆ. ಜಪಾನಿನ ತೆತ್ಸುಕೋ ಕುರೋಯಾನಾಗಿ ತಮ್ಮ ಬಾಲ್ಯದ ಬಗ್ಗೆ ಬರೆದ ಆ ಪುಸ್ತಕ 1981ರಲ್ಲಿ ಬಂತು. ಕನ್ನಡದಲ್ಲೂ ಇದೆ, ಶಿಕ್ಷಕರಾದವರು ಹೆಚ್ಚಿನವರು ಓದಿರುತ್ತಾರೆ. ಒಂದನೇ ತರಗತಿಯಲ್ಲೇ ಆ ಹುಡುಗಿಯನ್ನು ಶಾಲೆಯಿಂದ ಹೊರಹಾಕಿದ್ದರು. ಡೆಸ್ಕಿನ ಮುಚ್ಚಳವನ್ನು ದಿನವಿಡೀ ತೆಗೆದು ಮುಚ್ಚುವುದು, ಕಿಟಕಿಯ ಬಳಿ ನಿಂತು ಬೀದಿಯ ವಾದ್ಯಗಾರರನ್ನು ಕರೆಯುವುದು ಅವಳ ಅಪರಾಧ. ಅವಳ ಮನೆಯಲ್ಲೂ ದುಃಖದ ಕಥೆ ಏನಿರಲಿಲ್ಲ. ತೊಮೊಯೆ ಎಂಬ ಹೊಸ ಶಾಲೆಯ ಮುಖ್ಯೋಪಾಧ್ಯಾಯ ಸೋಸಾಕು ಕೊಬಾಯಾಶಿ ಮೊದಲ ದಿನ ಅವಳ ಎದುರು ಕುರ್ಚಿ ಎಳೆದು ಕೂತು, ಅವಳ ಮಾತು ಮುಗಿಯುವವರೆಗೆ ಸುಮಾರು ನಾಲ್ಕು ಗಂಟೆ ಕೇಳಿದರು. ತನ್ನನ್ನು ಹಳೆಯ ಶಾಲೆಯಿಂದ ತೆಗೆದುಹಾಕಿದ್ದರು ಎಂಬ ಸಂಗತಿಯನ್ನು ತಾಯಿ ಅವಳಿಗೆ ತಿಳಿಸಿದ್ದು ಅವಳಿಗೆ 20 ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಅವಳು "ಹೊರಹಾಕಲ್ಪಟ್ಟವಳು" ಎಂಬ ಹಣೆಪಟ್ಟಿ ಇಲ್ಲದೆ ಬೆಳೆದಳು. ಮುಂದೆ ಅದೇ ಹುಡುಗಿ ಜಪಾನಿನ ಪ್ರಸಿದ್ಧ ಟಿವಿ ನಿರೂಪಕಿಯಾದರು, ಯುನಿಸೆಫ್‌ನ ಸದ್ಭಾವನಾ ರಾಯಭಾರಿಯಾದರು.

ನಮ್ಮ ತರಗತಿಯಲ್ಲಿ 60 ಮಕ್ಕಳು. ಒಬ್ಬೊಬ್ಬರಿಗೆ ನಾಲ್ಕು ಗಂಟೆ ಕೊಡುವುದು ಆಗದ ಮಾತು, ನನಗೆ ಗೊತ್ತು. ಆದರೆ ಹಣೆಪಟ್ಟಿ ಹಚ್ಚದಿರಲು ಸಮಯವೇ ಬೇಕಾಗಿಲ್ಲ. ಅಮೆರಿಕದಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬಿ.ಇಡಿ. ಓದಿದವರಿಗೆ ನೆನಪಿರಬಹುದು. ಒಂದು ಪ್ರಾಥಮಿಕ ಶಾಲೆಯಲ್ಲಿ ಸುಮಾರು ಶೇ. 20 ಮಕ್ಕಳ ಹೆಸರನ್ನು ಚೀಟಿ ಎತ್ತಿದಂತೆ ಆರಿಸಿ, "ಈ ಮಕ್ಕಳು ಈ ವರ್ಷ ಚೆನ್ನಾಗಿ ಮುಂದೆ ಬರಲಿದ್ದಾರೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ" ಎಂದು ಶಿಕ್ಷಕರಿಗೆ ತಿಳಿಸಿದರು. ವರ್ಷದ ಕೊನೆಗೆ, ಮುಖ್ಯವಾಗಿ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳು ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಆ ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ನಂತರ ಬಹಳ ವಾದಗಳು ನಡೆದಿವೆ. ವಾದ ಏನೇ ಇರಲಿ, "ಅವನಾ? ಅವನು ಹೋಪ್‌ಲೆಸ್" ಎಂದು ನಾವು ಸ್ಟಾಫ್ ರೂಮಿನಲ್ಲಿ ಹೇಳುವ ಮಾತು ಮುಂದಿನ ಪೀರಿಯಡ್‌ಗೆ ಹೋಗುವ ಉಪನ್ಯಾಸಕರ ಕಿವಿಯಲ್ಲಿ ಕೂತಿರುತ್ತದೆ. ಅವನು ಕೈ ಎತ್ತಿದರೂ ಅವರಿಗೆ ಕಾಣದೇ ಹೋಗಬಹುದು.

ಪತ್ರಿಕೆ ಹರಿದ ಹುಡುಗನನ್ನು ಮರುದಿನ ಕರೆದು ಒಂದು ನೋಟ್‌ಬುಕ್ ಕೊಟ್ಟೆ. ನಿಮ್ಮಲ್ಲಿ ವಾಣಿಜ್ಯ ವಿಭಾಗದವರಿಗೆ ಗೊತ್ತು, ಪ್ರಥಮ ಪಿಯುಸಿಯಲ್ಲಿ ತಪ್ಪುಗಳ ತಿದ್ದುಪಡಿ ಎಂಬ ಪಾಠ ಇದೆ. ಲೆಕ್ಕ ಪುಸ್ತಕದಲ್ಲಿ ತಪ್ಪು ದಾಖಲೆ ಬಿದ್ದರೆ ಅದನ್ನು ಕೆರೆದು ಅಳಿಸುವಂತಿಲ್ಲ, ವೈಟ್‌ನರ್ ಹಚ್ಚುವಂತಿಲ್ಲ. ತಪ್ಪು ಹಾಗೆಯೇ ಇರುತ್ತದೆ. ಅದನ್ನು ಸರಿಪಡಿಸುವ ಹೊಸ ದಾಖಲೆಯನ್ನು ದಿನಾಂಕ ಹಾಕಿ, ಯಾಕೆ ಎಂಬ ವಿವರಣೆಯ ಜೊತೆ ಬರೆಯಬೇಕು. ಅವನಿಗೂ ಅದನ್ನೇ ಹೇಳಿದೆ. "ನಿನ್ನೆ ಆದದ್ದನ್ನು ಮರೆತುಬಿಡೋಣ ಅಂತ ನಾನು ಹೇಳಲ್ಲ. ಏನಾಯ್ತು ಅಂತ ನೀನೇ ಬರಿ. ಅದನ್ನು ಸರಿ ಮಾಡೋಕೆ ಏನು ಮಾಡ್ತೀಯಾ, ಯಾವ ತಾರೀಕಿನ ಒಳಗೆ ಅಂತಲೂ ಬರಿ. ನಾನು ಸಹಿ ಹಾಕ್ತೇನೆ."

ಅವನು ಮೂರು ಸಾಲು ಬರೆದ. ಪತ್ರಿಕೆ ಹರಿದದ್ದು ಅಂಕ ಕಡಿಮೆ ಬಂತೆಂದಲ್ಲ, ಪಕ್ಕದವನು ನೋಡಿ ನಕ್ಕ ಎಂದು. ವಾರಕ್ಕೆ ಎರಡು ಲೆಕ್ಕ ಮಾಡಿ ತೋರಿಸುತ್ತೇನೆ ಎಂದು. ಸುಮ್ಮನೆ ಕ್ಷಮಿಸಿಬಿಟ್ಟಿದ್ದರೆ ಆ ಪಕ್ಕದವನ ನಗುವಿನ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡು ವಾರ ಸರಿಯಾಗಿ ನಡೆಯಿತು. ಮೂರನೆಯ ವಾರ ಲೆಕ್ಕ ತರಲಿಲ್ಲ. ಪ್ರಾಜೆಕ್ಟ್ ಕೊಡಬೇಕಾದ ದಿನವೂ ತಪ್ಪಿಸಿದ. ಮತ್ತೆ ದಿನಾಂಕ ಕೊಟ್ಟೆ, ಮತ್ತೆ ತಪ್ಪಿಸಿದ. ಮೂರನೆಯ ಸಲ ತಂದುಕೊಟ್ಟ. ನಾನು ಪೂರ್ತಿ ಅಂಕ ಕೊಟ್ಟೆ. ಆ ದಿನ ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಸಂಜೆ ಮುಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ವರ್ಷವಿಡೀ ಒಂದು ಮಾತೂ ಹೆಚ್ಚು ಆಡದ ಹುಡುಗಿ. "ಸರ್, ನಾನು ಪ್ರಾಜೆಕ್ಟ್ ಒಂದು ದಿನ ತಡ ಮಾಡಿದ್ದಕ್ಕೆ ನೀವು 2 ಅಂಕ ಕಟ್ ಮಾಡಿದ್ರಿ. ಅವನಿಗೆ ಮೂರು ಸಲ ಟೈಮ್ ಕೊಟ್ರಿ. ನಾನೂ ಗಲಾಟೆ ಮಾಡಬೇಕಿತ್ತಾ ಸರ್?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಆಕೆಯದು ನೂರಕ್ಕೆ ನೂರು ನ್ಯಾಯವಾದ ಮಾತು. ಅಜ್ಜಿಗೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದುದರಿಂದ ಅವಳಿಗೆ ಆ ಒಂದು ದಿನ ತಡವಾಗಿತ್ತು ಎಂದು ಆಮೇಲೆ ಬೇರೆಯವರಿಂದ ಗೊತ್ತಾಯಿತು. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅದೇ ತಿದ್ದುಪಡಿಯ ಪಾಠದಲ್ಲಿ ಇನ್ನೊಂದು ವಿಷಯ ಬರುತ್ತದೆ: ತಾಳೆಪಟ್ಟಿ ಎರಡೂ ಕಡೆ ಸರಿಹೊಂದಿದ ಮಾತ್ರಕ್ಕೆ ಪುಸ್ತಕದಲ್ಲಿ ತಪ್ಪಿಲ್ಲ ಎಂದು ಅರ್ಥವಲ್ಲ. ಕೆಲವು ತಪ್ಪುಗಳು ತಾಳೆಪಟ್ಟಿಯಲ್ಲಿ ಕಾಣುವುದೇ ಇಲ್ಲ. ವರ್ಷ ವರ್ಷ ಇದನ್ನು ಬೋರ್ಡಿನ ಮೇಲೆ ಬರೆಯುವ ನಾನು, ಸದ್ದು ಮಾಡದ ಮಕ್ಕಳಿಗೆ ತೊಂದರೆಯೇ ಇಲ್ಲ ಎಂದುಕೊಂಡಿದ್ದೆ.

ತುಂಟ ವಿದ್ಯಾರ್ಥಿಗಳ ಪರವಾಗಿ ಬರೆಯುವವರೆಲ್ಲ ಈ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಒಬ್ಬನಿಗೆ ಕೊಡುವ ಅವಕಾಶದ ಬೆಲೆಯನ್ನು ಉಳಿದವರು ತೆರಬಾರದು. ನಾನು ಎರಡು ಬದಲಾವಣೆ ಮಾಡಿಕೊಂಡೆ. ಒಂದು, ಅವನ ಜೊತೆಗಿನ ಮಾತುಕತೆಯನ್ನು ತರಗತಿಯ ಸಮಯದಿಂದ ತೆಗೆದು ಸಂಜೆ ನಾಲ್ಕರ ನಂತರಕ್ಕೆ ಇಟ್ಟೆ. ಅದು ನನ್ನ ಸಮಯ ಮತ್ತು ಅವನ ಸಮಯ, ತರಗತಿಯದ್ದಲ್ಲ. ಎರಡು, ಮರುದಿನ ತರಗತಿಯಲ್ಲಿ ಘೋಷಿಸಿದೆ: ವರ್ಷದಲ್ಲಿ ಒಂದು ಸಲ ಯಾರು ಬೇಕಾದರೂ ಕಾರಣ ಹೇಳದೆ ಕೆಲಸವನ್ನು ತಡವಾಗಿ ಕೊಡಬಹುದು, ಅಂಕ ಕಡಿತವಿಲ್ಲ. ಎರಡನೆಯ ಸಲದಿಂದ ಕಡಿತ, ಎಲ್ಲರಿಗೂ. ಅವಳ 2 ಅಂಕ ವಾಪಸ್ ಬಂತು. ಅವನ ಅಂಕದಲ್ಲಿ ಕಡಿತವಾಯಿತು. ಅವನು ಗೊಣಗಲಿಲ್ಲ. ಅವನಿಗೂ ಅದೇ ಸರಿ ಅನಿಸಿರಬೇಕು.

ಅವಕಾಶಗಳಿಗೆ ಕೊನೆಯಿಲ್ಲವೇ ಎಂಬುದು ಸ್ಟಾಫ್ ರೂಮಿನ ಮೊದಲ ಪ್ರಶ್ನೆ. ಇದೆ ಎಂದೇ ನಾನು ಹೇಳುತ್ತೇನೆ. ಶುಕ್ರವಾರ ಅಲ್ ಕಹ್ಫ್ ಅಧ್ಯಾಯ ಓದುವ ನಮ್ಮ ವಿದ್ಯಾರ್ಥಿಗಳಿಗೆ ಹಝ್ರತ್ ಮೂಸಾ (ಅ) ಮತ್ತು ಖಿಝ್ರ್ ಅವರ ಪ್ರಯಾಣದ ಕಥೆ ಗೊತ್ತಿದೆ. ಗೊತ್ತಿಲ್ಲದವರಿಗಾಗಿ ಸಂಕ್ಷಿಪ್ತವಾಗಿ: ಜ್ಞಾನ ಕಲಿಯಲು ಜೊತೆ ಬರುತ್ತೇನೆ ಎಂದ ಮೂಸಾರಿಗೆ ಖಿಝ್ರ್ ಒಂದು ಷರತ್ತು ಹಾಕುತ್ತಾರೆ. ನಾನೇ ಹೇಳುವವರೆಗೆ ಏನನ್ನೂ ಪ್ರಶ್ನಿಸಬಾರದು ಎಂದು. ಹಡಗಿಗೆ ತೂತು ಮಾಡಿದಾಗ ಮೂಸಾ ಪ್ರಶ್ನಿಸುತ್ತಾರೆ. ಖಿಝ್ರ್ ಷರತ್ತನ್ನು ನೆನಪಿಸಿ ಮುಂದೆ ಕರೆದೊಯ್ಯುತ್ತಾರೆ. ಎರಡನೆಯ ಸಲವೂ ಹಾಗೆಯೇ. ಇನ್ನೊಮ್ಮೆ ಪ್ರಶ್ನಿಸಿದರೆ ನನ್ನನ್ನು ಜೊತೆಗೆ ಇಟ್ಟುಕೊಳ್ಳಬೇಡಿ ಎಂದು ಆಗ ಸ್ವತಃ ಮೂಸಾ ಅವರೇ ಹೇಳುತ್ತಾರೆ. ಮೂರನೆಯ ಸಲ, ಬೀಳುತ್ತಿದ್ದ ಗೋಡೆಯ ವಿಷಯದಲ್ಲಿ, ಇಬ್ಬರೂ ಬೇರೆಯಾಗುತ್ತಾರೆ.

ಈ ಕಥೆಯ ಅರ್ಥ ಬಹಳ ಆಳವಾದದ್ದು, ಅದನ್ನು ವಿದ್ವಾಂಸರಿಗೆ ಬಿಡುತ್ತೇನೆ. ಪಾಠ ಹೇಳುವವನಾಗಿ ನನಗೆ ಕಾಣುವುದು ಮೂರು ಸಣ್ಣ ಸಂಗತಿಗಳು. ಷರತ್ತು ಮೊದಲೇ ಸ್ಪಷ್ಟವಾಗಿತ್ತು. ಕೊನೆಯ ಮಿತಿಯನ್ನು ಕಲಿಯುವವರೇ ಹೇಳಿದರು. ಬೇರೆಯಾಗುವ ಮೊದಲು ಖಿಝ್ರ್ ಸುಮ್ಮನೆ ಎದ್ದು ಹೋಗಲಿಲ್ಲ. ಕೂತು, ಹಡಗಿನದ್ದು, ಹುಡುಗನದ್ದು, ಗೋಡೆಯದ್ದು, ಒಂದೊಂದರ ಕಾರಣವನ್ನೂ ವಿವರಿಸಿದರು. ಅವಕಾಶ ಮುಗಿಯಿತು ಎನ್ನುವಾಗಲೂ ಯಾಕೆ ಮುಗಿಯಿತು ಎಂದು ಹೇಳುವ ಋಣ ಕಲಿಸುವವರ ಮೇಲಿದೆ. ನನ್ನ ಆ ಹಳೆಯ ವಿದ್ಯಾರ್ಥಿಗೆ ನಾನು ಅಷ್ಟನ್ನೂ ಕೊಟ್ಟಿರಲಿಲ್ಲ.

ಕೆಲವು ತಪ್ಪುಗಳಲ್ಲಿ ತಪ್ಪು ಮಾಡಿದವನ ಬಗ್ಗೆ ಮೊದಲು ಯೋಚಿಸುವಂತೆಯೇ ಇಲ್ಲ. ಕಿರಿಯರನ್ನು ಪೀಡಿಸುವುದು, ಹುಡುಗಿಯರ ಫೋಟೋ ತೆಗೆದು ಹಂಚುವುದು, ಕೈ ಮಾಡುವುದು ಇಂಥವು. ಇಲ್ಲಿ ಮೊದಲು ನೊಂದವರ ರಕ್ಷಣೆ, ಅವರ ಮಾತು. ತಪ್ಪಿತಸ್ಥನ ಎರಡನೆಯ ಅವಕಾಶದ ಪ್ರಶ್ನೆ ಅದರ ನಂತರ, ಅದೂ ನೊಂದವರ ಕಣ್ಣೆದುರು ಅಲ್ಲ. "ಪಾಪ, ಹುಡುಗರು, ಬಿಟ್ಟುಬಿಡಿ" ಎಂದು ನಾವು ದೊಡ್ಡ ಮನಸ್ಸು ತೋರಿಸುವಾಗ, ನೋವು ತಿಂದವರು ಬೇರೆಯವರು ಎಂಬುದನ್ನು ಮರೆಯಬಾರದು. ನನಗಾದ ಅವಮಾನವನ್ನು ನಾನು ಕ್ಷಮಿಸಬಹುದು. ಇನ್ನೊಬ್ಬ ವಿದ್ಯಾರ್ಥಿಗಾದ ನೋವನ್ನು ನಾನು ಕ್ಷಮಿಸಲು ಬರುವುದಿಲ್ಲ.

ತಾಳ್ಮೆ ಹೆಚ್ಚಾದದ್ದರಿಂದಲೇ ಈಗಿನ ಮಕ್ಕಳು ಕೆಟ್ಟಿದ್ದಾರೆ, ಬೆತ್ತ ಇದ್ದಾಗ ಎಲ್ಲ ಸರಿಯಿತ್ತು ಎನ್ನುವ ಹಿರಿಯರೂ ಇದ್ದಾರೆ. ನಾನೂ ಬೆತ್ತದ ಕಾಲದಲ್ಲೇ ಓದಿದವನು. ಬೆತ್ತದಿಂದ ಸರಿಯಾದವರು ಮುಂದೆ ಬಂದು ಅದನ್ನು ಹೊಗಳುತ್ತಾರೆ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟವರು ಹೊಗಳಲು ಬರುವುದಿಲ್ಲ, ಆದ್ದರಿಂದ ಅವರು ಲೆಕ್ಕಕ್ಕೆ ಸಿಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ 6ರಿಂದ 14 ವರ್ಷದ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಮ್ಮ ಮಕ್ಕಳು 16, 17ರವರು. ಹದಿನಾಲ್ಕು ದಾಟಿದ ಕೂಡಲೇ ಅವಮಾನ ನೋಯಿಸುವುದು ನಿಲ್ಲುತ್ತದೆಯೇ?

ನಮ್ಮ ರಾಜ್ಯದ ಪರೀಕ್ಷಾ ವ್ಯವಸ್ಥೆಯೇ ಈಗ ಬದಲಾಗಿದೆ. ಮೊದಲು ವಾರ್ಷಿಕ ಪರೀಕ್ಷೆ ಇತ್ತು, ಅದರಲ್ಲಿ ಬಿದ್ದವರಿಗೆ ಪೂರಕ ಪರೀಕ್ಷೆ ಇತ್ತು. 2024ರಲ್ಲಿ ದ್ವಿತೀಯ ಪಿಯುಸಿಗೆ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಎಂದು ಮೂರು ಅವಕಾಶ ಬಂದವು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದು ಉಳಿಯುತ್ತದೆ. ಇದರಿಂದ ಮಕ್ಕಳು ಮೊದಲ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂಬ ದೂರು ಇದೆ, ಅದರಲ್ಲಿ ಸ್ವಲ್ಪ ಸತ್ಯವೂ ಇರಬಹುದು. ನನಗೆ ಇಷ್ಟವಾದದ್ದು ಒಂದೇ: ಎರಡನೆಯ ಬಾಗಿಲು ಫೇಲಾದವರ ಬಾಗಿಲು ಎಂದು ಉಳಿದಿಲ್ಲ, ಎಲ್ಲರಿಗೂ ತೆರೆದಿದೆ. ನನ್ನ ಮುಂದಿನ ಬೆಂಚಿನ ವಿದ್ಯಾರ್ಥಿನಿ ಕೇಳಿದ್ದೂ ಇದನ್ನೇ.

ಪತ್ರಿಕೆ ಹರಿದ ಹುಡುಗ ಪರೀಕ್ಷೆ 1ರಲ್ಲಿ ಲೆಕ್ಕಶಾಸ್ತ್ರದಲ್ಲಿ ಅನುತ್ತೀರ್ಣನಾದ. ಪರೀಕ್ಷೆ 2ರಲ್ಲಿ ಪಾಸಾದ. ದೊಡ್ಡ ಅಂಕವೇನಲ್ಲ. ಸಿಹಿ ತೆಗೆದುಕೊಂಡು ನನ್ನನ್ನು ನೋಡಲು ಬರಲಿಲ್ಲ, ನನಗೆ ಗೊತ್ತಾದದ್ದು ಕಚೇರಿಯ ಪಟ್ಟಿ ನೋಡಿ. ಅವನ ನೋಟ್‌ಬುಕ್ ನನ್ನ ಡ್ರಾಯರಿನಲ್ಲಿ ಇನ್ನೂ ಇದೆ. ಹನ್ನೊಂದು ದಾಖಲೆಗಳು. ಅದರಲ್ಲಿ ಆರು ಅವನು ಪಾಲಿಸಿದ್ದಾನೆ. ಇದನ್ನು ಯಶಸ್ಸು ಎನ್ನಬೇಕೋ ಸೋಲು ಎನ್ನಬೇಕೋ ಎಂದು ನಾನು ಈಗ ಕೇಳಿಕೊಳ್ಳುವುದಿಲ್ಲ. ಅವನು ಗೇಟಿನ ಎದುರಿನ ಅಂಗಡಿಯಲ್ಲಿ ಕಾದು ಕೂರಲಿಲ್ಲ. ನನಗೆ ಅಷ್ಟು ಸಾಕು.

ವಿದ್ಯಾರ್ಥಿಗಳೇ, ನಿಮಗೆ ಎರಡು ಮಾತು. ನಿಮ್ಮ ಉಪನ್ಯಾಸಕರೂ ಮನುಷ್ಯರು. ನಾಲ್ಕನೆಯ ಪೀರಿಯಡ್ ಹೊತ್ತಿಗೆ ಗಂಟಲು ಒಣಗಿರುತ್ತದೆ, ಮನೆಯ ಚಿಂತೆ ಇರುತ್ತದೆ. ನಮ್ಮ ಬಾಯಿಂದ ಬಂದ "ಬರಬೇಡ" ಎಂಬ ಮಾತನ್ನು ದಯವಿಟ್ಟು ಕೊನೆಯ ಮಾತು ಎಂದುಕೊಳ್ಳಬೇಡಿ. ಒಳಗೆ ಬರಲು ಹೆದರಿಕೆಯಾದರೆ ಒಬ್ಬ ಗೆಳೆಯನನ್ನಾದರೂ ಕಳಿಸಿ. ಗೆಳೆಯ ಗೇಟಿನ ಹೊರಗೆ ಕೂತಿರುವುದು ಕಂಡರೆ ಯಾರಾದರೂ ಒಬ್ಬರು ಬಂದು ನಮಗೆ ಹೇಳಿ. ಅದು ಚಾಡಿ ಅಲ್ಲ. ಇನ್ನು, ಸಿಕ್ಕಿದ ಅವಕಾಶಕ್ಕೂ ಒಂದು ಬೆಲೆ ಇದೆ. ಅದನ್ನು ನೀವೇ ತೆರಬೇಕು, ನಿಮ್ಮ ಪಕ್ಕದವರಲ್ಲ.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಒಂದೇ. ಹೊರಗೆ ಕಳಿಸಿ, ಅಗತ್ಯವಿದ್ದರೆ ಖಂಡಿತ ಕಳಿಸಿ. ಆದರೆ ವಾಪಸ್ ಬರುವ ಹೊತ್ತನ್ನು ಆಗಲೇ ಹೇಳಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಮನೆಗೆ ಒಂದು ಫೋನ್ ಹೋಗಲಿ. ಮೂರು ದಿನ ಸತತವಾಗಿ ಬಾರದವರ ಹೆಸರು ಸ್ಟಾಫ್ ರೂಮಿನ ಬೋರ್ಡಿನಲ್ಲಿ ಬರಲಿ. ದೂರಲು ಅಲ್ಲ, ಯಾರು ಫೋನ್ ಮಾಡುತ್ತೀರಿ ಎಂದು ಕೇಳಲು.

ಲೇಖನದ ಮೊದಲಿಗೆ ಹೇಳಿದ ಹುಡುಗನ ಮೊಬೈಲ್ ಈಗ ಕಚೇರಿಯ ಕಪಾಟಿನಲ್ಲಿದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅವನ ಹೆಸರು, ತರಗತಿ, ವಾಪಸ್ ಕೊಡುವ ತಾರೀಕು ಎಲ್ಲವನ್ನೂ ನೀಟಾಗಿ ಬರೆದಿದ್ದಾರೆ. ಆ ಹುಡುಗ ಎರಡು ದಿನದಿಂದ ತರಗತಿಗೆ ಬಂದಿಲ್ಲ. ಮೊಬೈಲ್‌ಗೆ ತಾರೀಕು ಬರೆದ ನಾವು ಹುಡುಗನಿಗೂ ಒಂದು ತಾರೀಕು ಹೇಳೋಣ. ಇಂದು ಸಂಜೆ ಅವನ ಮನೆಗೆ ನಾನು ಫೋನ್ ಮಾಡುತ್ತೇನೆ.